ಕೆಟ್ಟರೂ ಉಳಿಯುವ ಹಕ್ಕು

ನಮ್ಮ ಕಡೆ ಹಳ್ಳಿಗಳಲ್ಲಿ ಪಂಚಾಯ್ತಿ ಅಧ್ಯಕ್ಷ ದುಡ್ಡು ತಿಂದ ಅನ್ನೋದು ದೊಡ್ಡ ಸುದ್ದಿಯೇನಲ್ಲ. ಚರಂಡಿ ಬಿಲ್ಲು ಪಾಸಾಗಿರುತ್ತೆ, ಚರಂಡಿ ಇರಲ್ಲ. ಅರಳಿಕಟ್ಟೆ ಮೇಲೆ ಕೂತವರು ಬಾಯಿಗೆ ಬಂದಂಗೆ ಬೈತಾರೆ, ಮುಂದಿನ ಎಲೆಕ್ಷನ್ನಲ್ಲಿ ಇವನನ್ನ ಮನೆಗೆ ಕಳಿಸ್ತೀವಿ ಅಂತಾರೆ. ಆದರೆ 'ಈ ಪಂಚಾಯ್ತಿ ಸಹವಾಸವೇ ಬೇಡ, ಇನ್ಮೇಲೆ ಪಿಡಿಒ ಸಾಹೇಬರೊಬ್ಬರೇ ಊರು ನಡೆಸ್ಲಿ' ಅಂತ ಯಾರೂ ಅನ್ನಲ್ಲ. ಕೂತವನು ಕೆಟ್ಟರೆ ಅವನನ್ನ ಇಳಿಸಬೇಕು, ಕುರ್ಚಿಯನ್ನೇ ಒಡೆದು ಒಲೆಗೆ ಹಾಕಬಾರದು ಅನ್ನೋದು ಓದು ಬರಹ ಇಲ್ಲದವರಿಗೂ ಗೊತ್ತಿರೋ ವಿಚಾರ.

ಈ ಸರಳ ನ್ಯಾಯ ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಯಾಕೆ ಸಿಗಲಿಲ್ಲ ಅನ್ನೋದು ನನ್ನ ಪ್ರಶ್ನೆ. ನಾನು ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಮೆಲ್ಬರ್ನ್‌ಗೆ ಬಂದು ಇಲ್ಲಿನ ಪೌರತ್ವ ತಗೊಂಡವನು. ಇಲ್ಲಿ ಮತದಾನ ಕಡ್ಡಾಯ. ಹಾಗಾಗಿ 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ನಾನೂ ಒಂದು ತೀರ್ಮಾನಕ್ಕೆ ಬರಲೇಬೇಕಿತ್ತು. ಮೂಲನಿವಾಸಿಗಳಿಗೆ ಸಂಬಂಧಪಟ್ಟ ವಿಷಯಗಳಲ್ಲಿ ಸಂಸತ್ತಿಗೆ, ಸರ್ಕಾರಕ್ಕೆ ಸಲಹೆ ಕೊಡೋ 'ವಾಯ್ಸ್' ಅನ್ನೋ ಸಂಸ್ಥೆಯನ್ನ ಸಂವಿಧಾನದಲ್ಲಿ ಸೇರಿಸಬೇಕಾ ಬೇಡವಾ ಅನ್ನೋದು ಪ್ರಶ್ನೆ. ಕಾನೂನು ಮಾಡೋ ಅಧಿಕಾರವಾಗಲಿ, ಸರ್ಕಾರದ ತೀರ್ಮಾನ ತಡೆಯೋ ಅಧಿಕಾರವಾಗಲಿ ಅದಕ್ಕೆ ಇರ್ತಿರಲಿಲ್ಲ. ಹೇಳೋದು ಅದರ ಕೆಲಸ. ಕೇಳೋದು, ಬಿಡೋದು ಸಂಸತ್ತಿಗೆ ಬಿಟ್ಟಿದ್ದು. ನಾನು ಬೇಕು ಅಂತ ಹಾಕಿದೆ. ದೇಶದ ಶೇ. 60ರಷ್ಟು ಜನ ಬೇಡ ಅಂದರು. ಆರೂ ರಾಜ್ಯಗಳು ಬೇಡ ಅಂದವು.

ಆ ದಿನಗಳಲ್ಲಿ ನಮ್ಮ ಕನ್ನಡದ ಗೆಳೆಯರ ಮನೆಗಳಲ್ಲಿ ಊಟಕ್ಕೆ ಸೇರಿದಾಗೆಲ್ಲ ಇದೇ ಜಗಳ. 'ನಾವೂ ಕಷ್ಟಪಟ್ಟೇ ಮೇಲೆ ಬಂದಿದೀವಿ, ಅವರಿಗ್ಯಾಕೆ ಬೇರೆ ವ್ಯವಸ್ಥೆ?' ಅನ್ನೋರಿಗೆ ಉತ್ತರ ಕೊಡೋದು ಸುಲಭ. ನಾವು ವೀಸಾ ತಗೊಂಡು ಬಂದವರು, ಅವರ ನೆಲಕ್ಕೆ ಬಂದವರು ಅವರನ್ನ ಕೇಳದೇ ಬಂದರು. ಆದರೆ ಇನ್ನೊಬ್ಬ ಗೆಳೆಯ ಕೇಳಿದ ಪ್ರಶ್ನೆಯನ್ನ ಹಾಗೆ ತಳ್ಳಿಹಾಕೋಕೆ ಆಗಲ್ಲ: 'ಹಿಂದೆ ಇಂಥದ್ದೇ ಸಂಸ್ಥೆ ಇತ್ತಲ್ಲ, ಅದು ಏನು ಮಾಡಿತು? ಅವರ ಆರೋಗ್ಯ ಸುಧಾರಿಸಿತಾ?'

ಇತ್ತು, ನಿಜ. ಒಂದಲ್ಲ, ಹಲವು. 1973ರಲ್ಲಿ ಒಂದು ಸಲಹಾ ಸಮಿತಿ ಚುನಾಯಿತವಾಯ್ತು. 1977ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು, 1985ರಲ್ಲಿ ಅದೂ ಹೋಯ್ತು. 1990ರಲ್ಲಿ 'ಆಟ್ಸಿಕ್' ಅನ್ನೋ ದೊಡ್ಡ ಸಂಸ್ಥೆ ಬಂತು. ಅದರಲ್ಲಿ ಮೂಲನಿವಾಸಿಗಳೇ ಆರಿಸಿದ ಪ್ರಾದೇಶಿಕ ಮಂಡಳಿಗಳಿದ್ದವು. ಅದರಲ್ಲಿ ಜಗಳಗಳಿದ್ದವು, ನಾಯಕರ ಮೇಲೆ ಗಂಭೀರ ಆರೋಪಗಳಿದ್ದವು, ಮತ ಹಾಕಲು ಬರೋರ ಸಂಖ್ಯೆಯೂ ಕಡಿಮೆಯೇ. 2004ರಲ್ಲಿ ಪ್ರಧಾನಿ ಜಾನ್ ಹೋವರ್ಡ್ ಅದನ್ನ ಮುಚ್ಚುತ್ತೇವೆ ಅಂದರು, ವಿರೋಧ ಪಕ್ಷವೂ ಮುಚ್ಚೋ ಮಾತೇ ಆಡ್ತಿತ್ತು, 2005ರಲ್ಲಿ ಅದು ಇಲ್ಲವಾಯ್ತು. ಆಮೇಲೆ 2010ರಲ್ಲಿ ಒಂದು 'ಕಾಂಗ್ರೆಸ್' ಹುಟ್ಟಿತು. 2013ರಲ್ಲಿ ಬಂದ ಸರ್ಕಾರ ಅನುದಾನ ನಿಲ್ಲಿಸಿತು, 2019ರಲ್ಲಿ ಅದೂ ಮುಚ್ಚಿತು.

ಆಟ್ಸಿಕ್ ವಿಫಲವಾಯ್ತು ಅನ್ನೋದಕ್ಕೆ ಮೂಲನಿವಾಸಿಗಳ ಆರೋಗ್ಯವನ್ನೇ ಸಾಕ್ಷಿಯಾಗಿ ಕೊಡೋರು ಮರೆಯೋ ಒಂದು ವಿಷಯ ಇದೆ. 1995ರಲ್ಲೇ ಆರೋಗ್ಯದ ಜವಾಬ್ದಾರಿಯನ್ನ ಆಟ್ಸಿಕ್ ಕೈಯಿಂದ ತೆಗೆದು ಕೇಂದ್ರದ ಆರೋಗ್ಯ ಇಲಾಖೆಗೆ ಕೊಡಲಾಗಿತ್ತು. ಆಸ್ಪತ್ರೆ, ಶಾಲೆಗಳು ಮೊದಲಿಂದಲೂ ರಾಜ್ಯಗಳ ಕೈಯಲ್ಲಿ. ಅಂದರೆ ಯಾವ ಕೆಲಸ ಇಲಾಖೆಯದ್ದೋ ಅದರ ಸೋಲು ಸಂಸ್ಥೆಯ ಲೆಕ್ಕಕ್ಕೆ ಬಂತು. ಇಲಾಖೆಯನ್ನ ಯಾರೂ ಮುಚ್ಚಲಿಲ್ಲ. ಸಂಸತ್ತಿನ ಸದಸ್ಯರ ಮೇಲೆ ಆರೋಪ ಬಂದಾಗ ಸಂಸತ್ತನ್ನೂ ಯಾರೂ ಮುಚ್ಚಲ್ಲ.

ನಮ್ಮ ಪ್ರತಿನಿಧಿಗಳು ಏನೂ ಸಾಧಿಸದಿದ್ದರೂ ಪ್ರತಿನಿಧಿ ಇರೋದು ನಮ್ಮ ಹಕ್ಕು. ಅವರ ಪ್ರತಿನಿಧಿಗಳು ಮಾತ್ರ ವರ್ಷ ವರ್ಷ ಅಂಕಪಟ್ಟಿ ತೋರಿಸಬೇಕು, ಫೇಲಾದರೆ ಹಕ್ಕೇ ಹೋಗುತ್ತೆ. ಹೀಗೆ ಷರತ್ತಿನ ಮೇಲೆ ಕೊಟ್ಟಿದ್ದನ್ನ ಹಕ್ಕು ಅಂತ ಹೇಗೆ ಕರೆಯೋದು? ಅದು ಸರ್ಕಾರ ಕೊಟ್ಟ ಗುತ್ತಿಗೆ ಅಷ್ಟೇ.

ಹಾಗಂತ ಫಲಿತಾಂಶ ಕೇಳಲೇಬಾರದು ಅಂತಲ್ಲ. ಕೇಳೋದಾದರೆ ಕತೆಯ ಇನ್ನೊಂದು ಅರ್ಧವನ್ನೂ ನೋಡಬೇಕು. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೂಲನಿವಾಸಿಗಳೇ ಸೇರಿ ಒಂದು ಅಂಗಡಿ ಮಳಿಗೆಯಲ್ಲಿ ಕ್ಲಿನಿಕ್ ತೆರೆದರು. ಬೇರೆ ಕಡೆ ಅವರಿಗೆ ಸಿಗ್ತಿದ್ದ ಅವಮಾನ ತಾಳಲಾರದೇ ಹುಟ್ಟಿದ ಕ್ಲಿನಿಕ್ಕದು. ಡಾಕ್ಟರುಗಳು ಸಂಬಳ ಇಲ್ಲದೇ ಬಂದು ನೋಡ್ತಿದ್ದರು. ಮುಂದೆ ಕಣ್ಣಿನ ಚಿಕಿತ್ಸೆಗೆ ಜಗತ್ತಿನಲ್ಲೆಲ್ಲ ಹೆಸರಾದ ಫ್ರೆಡ್ ಹಾಲೋಸ್ ಅವರಲ್ಲೊಬ್ಬರು. ಇವತ್ತು ಅದೇ ಮಾದರಿಯ 140ಕ್ಕೂ ಹೆಚ್ಚು ಆರೋಗ್ಯ ಸಂಸ್ಥೆಗಳು ದೇಶದಲ್ಲಿವೆ. ಅವುಗಳ ಆಡಳಿತ ಮಂಡಳಿಯನ್ನ ಆರಿಸೋದು ಸ್ಥಳೀಯ ಮೂಲನಿವಾಸಿಗಳು. ಅಂದರೆ ಬಾಗಿಲಲ್ಲಿ ಕಾಯೋ ರೋಗಿಯೇ ಒಳಗಿರೋ ಡಾಕ್ಟರನ್ನ ಕೆಲಸಕ್ಕೆ ಇಟ್ಟುಕೊಂಡವನು! ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮುಂದೆ ಕೈಕಟ್ಟಿ ನಿಂತವರಿಗೆ ಇದು ಎಷ್ಟು ದೊಡ್ಡ ಬದಲಾವಣೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

2009ರ ಹಂದಿಜ್ವರದಲ್ಲಿ ಮೂಲನಿವಾಸಿಗಳು ಉಳಿದವರಿಗಿಂತ ಬಹಳ ಹೆಚ್ಚು ನರಳಿದ್ದರು. 2020ರಲ್ಲಿ ಕೊರೊನಾ ಬಂದಾಗ ಈ ಸಂಸ್ಥೆಗಳು ಕಾಯಲಿಲ್ಲ. ದೂರದ ಊರುಗಳಿಗೆ ಹೊರಗಿನವರು ಬರದಂತೆ ತಡೀರಿ ಅಂತ ಒತ್ತಾಯಿಸಿದವು, ತಮ್ಮ ಜನರಿಗೆ ತಮ್ಮ ಮಾತಲ್ಲೇ ತಿಳಿಹೇಳಿದವು. ಸರ್ಕಾರವೂ ಕೇಳಿತು. ಆ ವರ್ಷ ಅವರಲ್ಲಿ ಸೋಂಕಿನ ಪ್ರಮಾಣ ಉಳಿದವರಿಗಿಂತ ಬಹಳ ಕಡಿಮೆ.

ಕೇಳದಿದ್ದಾಗ ಏನಾಗುತ್ತೆ ಅನ್ನೋದಕ್ಕೆ ವಿಲ್ಕ್ಯಾನಿಯಾ ಇದೆ. ಡಾರ್ಲಿಂಗ್ ನದಿ ದಂಡೆಯ ಪುಟ್ಟ ಊರು. ಮನೆಗಳು ಕಡಿಮೆ, ಒಂದೊಂದರಲ್ಲೂ ತುಂಬಿ ತುಳುಕೋ ಜನ. ಸೋಂಕು ಬಂದರೆ ಇಲ್ಲಿನ ಸ್ಥಿತಿ ಕಷ್ಟ ಆಗುತ್ತೆ ಅಂತ ಆ ಭಾಗದ ಮೂಲನಿವಾಸಿ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಸರ್ಕಾರಕ್ಕೆ ಬರೆದಿತ್ತು. 2021ರ ಆಗಸ್ಟ್‌ನಲ್ಲಿ ಸೋಂಕು ಬಂದೇ ಬಂತು. ಮನೆಯಲ್ಲಿ ಪ್ರತ್ಯೇಕ ಇರೋಕೆ ಕೋಣೆ ಇಲ್ಲದೇ ಚಳಿಯಲ್ಲಿ ಹೊರಗೆ ಟೆಂಟಿನಲ್ಲಿ ಮಲಗಿದವರಿದ್ದರು. ಚಿಕಿತ್ಸೆ ಕೊಡೋ ಸಂಸ್ಥೆ ಅವರ ಕೈಯಲ್ಲೇ ಇತ್ತು. ಮನೆ ಕಟ್ಟೋ ತೀರ್ಮಾನ ಅವರ ಕೈಯಲ್ಲಿರಲಿಲ್ಲ. ಆರೋಗ್ಯ ಅನ್ನೋದು ಮನೆ, ನೀರು, ರಸ್ತೆಯಲ್ಲೂ ಇರೋದ್ರಿಂದ ಒಳ್ಳೆ ಕ್ಲಿನಿಕ್ ಒಂದೇ ಸಾಲದು. ಬಜೆಟ್ ಬರೆಯೋ ಕಡೆ ಕೂಡ ಅವರ ಮಾತು ತಲುಪಬೇಕು.

ಎಲ್ಲ ಮೂಲನಿವಾಸಿಗಳೂ ವಾಯ್ಸ್ ಪರವಾಗಿದ್ದರು ಅಂತ ಹೇಳಿದರೆ ಸುಳ್ಳಾಗುತ್ತೆ. ಸೆನೆಟರ್ ಜಸಿಂಟಾ ಪ್ರೈಸ್ ಅದು ದೇಶವನ್ನ ಒಡೆಯುತ್ತೆ ಅಂದರು. ಸೆನೆಟರ್ ಲಿಡಿಯಾ ಥೋರ್ಪ್‌ಗೆ ಅದು ಸಾಲದಾಗಿತ್ತು, ಮೊದಲು ಒಪ್ಪಂದ ಆಗಲಿ ಅಂದರು. ಇಬ್ಬರೂ ಮೂಲನಿವಾಸಿ ಹೆಣ್ಣುಮಕ್ಕಳು. ಇದನ್ನೇ ಹಿಡ್ಕೊಂಡು 'ನೋಡಿ, ಅವರಲ್ಲೇ ಒಮ್ಮತ ಇಲ್ಲ' ಅಂದವರು ಬಹಳ. ಒಮ್ಮತ ಇದ್ದಿದ್ದರೆ ಪ್ರತಿನಿಧಿ ಸಂಸ್ಥೆ ಯಾಕೆ ಬೇಕಿತ್ತು? ಒಂದು ಪತ್ರ ಸಾಕಿತ್ತು. ಜಗಳ ಆಡೋಕೆ, ಎಣಿಸೋಕೆ, ಸೋತವರು ಮುಂದಿನ ಸಲ ಮತ್ತೆ ಬರೋಕೆ ಒಂದು ಜಾಗ ಬೇಕು ಅಂತಲೇ ಅಲ್ವಾ ನಾವೆಲ್ಲ ಚುನಾವಣೆ ಇಟ್ಟುಕೊಂಡಿರೋದು? ನಾರ್ದರ್ನ್ ಟೆರಿಟರಿಯ ದೂರದ ಮೂಲನಿವಾಸಿ ಊರುಗಳ ಮತಗಟ್ಟೆಗಳಲ್ಲಿ ಬಹುಪಾಲು ಮತ ವಾಯ್ಸ್ ಪರವಾಗೇ ಬಿದ್ದಿತ್ತು ಅನ್ನೋದನ್ನೂ ಮರೆಯಬಾರದು.

ಸಂವಿಧಾನದಲ್ಲೇ ಯಾಕೆ ಬರೀಬೇಕಿತ್ತು, ಒಂದು ಕಾಯ್ದೆ ಸಾಕಿತ್ತಲ್ಲ ಅಂತಲೂ ಕೇಳ್ತಾರೆ. ಇದಕ್ಕೆ ಉತ್ತರ ನಮ್ಮೂರಲ್ಲೇ ಇದೆ. 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರೋ ಮುಂಚೆ ರಾಜ್ಯ ಸರ್ಕಾರಗಳು ತಮಗೆ ಬೇಡವಾದಾಗ ಪಂಚಾಯ್ತಿ ಚುನಾವಣೆಯನ್ನ ವರ್ಷಗಟ್ಟಲೆ ಮುಂದೂಡ್ತಿದ್ದವು. ಸಂವಿಧಾನದಲ್ಲಿ ಬರೆದ ಮೇಲೆ ಆ ಆಟ ಕಡಿಮೆಯಾಯ್ತು. ಪೂರ್ತಿ ನಿಲ್ಲಲಿಲ್ಲ. ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ನಡೆದವು. ಬರೆದಿಟ್ಟಿರೋ ಕಡೆಯೇ ಹೀಗಿರುವಾಗ, ಬರೆಯದೇ ಇರೋ ಕಡೆ ಸಂಸ್ಥೆಯೊಂದು ಸರ್ಕಾರಕ್ಕೆ ಇಷ್ಟವಿಲ್ಲದ ಮಾತನ್ನ ಎಷ್ಟು ಧೈರ್ಯವಾಗಿ ಹೇಳೀತು?

ವಾಯ್ಸ್ ಸೋತರೂ ಕೆಲಸ ನಿಂತಿಲ್ಲ. 2020ರ ಜುಲೈನಲ್ಲೇ 50ಕ್ಕೂ ಹೆಚ್ಚು ಮೂಲನಿವಾಸಿ ಸಂಸ್ಥೆಗಳ ಒಕ್ಕೂಟ ಎಲ್ಲ ಸರ್ಕಾರಗಳ ಜೊತೆ ಒಂದು ರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದೆ. ತೀರ್ಮಾನಗಳನ್ನ ಜೊತೆಗೆ ಕೂತು ಮಾಡ್ತೀವಿ ಅಂತ ಸರ್ಕಾರಗಳು ಅದರಲ್ಲಿ ಒಪ್ಪಿವೆ. ಬಹುಪಾಲು ಹಾಗೆ ನಡೆದುಕೊಂಡಿಲ್ಲ ಅಂತ 2024ರಲ್ಲಿ ವರದಿ ಕೊಟ್ಟಿದ್ದು ಸರ್ಕಾರದ್ದೇ ಉತ್ಪಾದಕತಾ ಆಯೋಗ. 2020–22ರ ಲೆಕ್ಕದಲ್ಲಿ ಇಲ್ಲಿನ ಮೂಲನಿವಾಸಿ ಗಂಡಸರ ಆಯಸ್ಸು ಉಳಿದವರಿಗಿಂತ 8.8 ವರ್ಷ ಕಡಿಮೆ, ಹೆಂಗಸರದ್ದು 8.1 ವರ್ಷ ಕಡಿಮೆ.

ಈ ಅಂತರವನ್ನ 2031ರೊಳಗೆ ಮುಚ್ಚಬೇಕು ಅನ್ನೋದು ಆ ಒಪ್ಪಂದದ ಗುರಿ. ಮುಚ್ಚದಿದ್ದರೆ 'ಆ ಸಂಸ್ಥೆಗಳು ಏನು ಮಾಡಿದವು?' ಅಂತ ಮತ್ತೆ ಕೇಳೋರು ಇದ್ದೇ ಇರ್ತಾರೆ. ಕೇಳಲಿ, ಕೇಳಬೇಕು. ಅದೇ ಪ್ರಶ್ನೆಯನ್ನ ಸಹಿ ಹಾಕಿದ ಸರ್ಕಾರಗಳಿಗೂ ಕೇಳಲಿ. ಆ ಸರ್ಕಾರಗಳನ್ನ ಆರಿಸಿದ ನನ್ನಂಥವರಿಗೂ ಕೇಳಲಿ.