ನಾಲ್ಕನೆಯ ತರಗತಿಯ ಒಂದು ವರುಷ

ಕಳೆದ ಮೇ ತಿಂಗಳಲ್ಲಿ ನಮ್ಮ ನೆರೆಮನೆಯ ಗೃಹಸ್ಥರೊಬ್ಬರು ನನ್ನಲ್ಲಿಗೆ ಬಂದು ಒಂದು ಪ್ರಶ್ನೆಯನ್ನಿಟ್ಟರು. ಅವರ ಮಗನು ಮೂರನೆಯ ತರಗತಿಯನ್ನು ಮುಗಿಸಿದ್ದನು. ತಾಯಿಗೆ ಸೌಖ್ಯವಿಲ್ಲದ ಕಾರಣ ಹುಡುಗನು ಒಂದು ವರುಷ ಸೋದರಮಾವನ ಮನೆಯಲ್ಲಿದ್ದು ಓದಬೇಕಾಗಿತ್ತು. ಆ ಮನೆಗೆ ಹತ್ತಿರವಾದ ಕನ್ನಡ ಶಾಲೆ ಕ್ರೈಸ್ತರದು. “ಮಾಷ್ಟ್ರೇ, ಒಂದೇ ವರುಷದ ಮಾತು. ಅಷ್ಟರಲ್ಲಿ ಹುಡುಗನಿಗೆ ಅಲ್ಲಿಂದ ಏನು ಸಿಕ್ಕೀತು? ಏನು ಹೋದೀತು?” ಎಂದು ಕೇಳಿದರು. ಎರಡನೆಯ ಪ್ರಶ್ನೆಯನ್ನು ಕೇಳುವಾಗ ಅವರ ಸ್ವರ ಸ್ವಲ್ಪ ತಗ್ಗಿತು.

ನಾನು ಒಡನೆ ಉತ್ತರ ಹೇಳಲಾರದೆ ಹೋದೆನು. ನಾನೂ ಬಾಲ್ಯದಲ್ಲಿ ನಾಲ್ಕನೆಯ ತರಗತಿಯನ್ನು ಅಂಥದೇ ಒಂದು ಶಾಲೆಯಲ್ಲಿ ಓದಿದವನು. ಮುಂದೆ ಬೇರೆ ಶಾಲೆಗಳಲ್ಲಿ ಅದೇ ತರಗತಿಗೆ ಮೂವತ್ತು ವರುಷ ಪಾಠ ಹೇಳಿದವನು. ಹಾಗಿದ್ದೂ ಈ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಂಡಿರಲಿಲ್ಲ.

ಇಂಥ ಶಾಲೆಗಳ ವಿಷಯದಲ್ಲಿ ತಂದೆತಾಯಿಗಳು ಸಾಮಾನ್ಯವಾಗಿ ಹೇಳುವ ಗುಣಗಳಿವೆ: ಶಿಸ್ತು, ಶುಚಿತ್ವ, ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುವುದು, ಒಂದಿಷ್ಟು ಇಂಗ್ಲಿಷು. ಒಳ್ಳೆಯ ಹೆಡ್‌ಮಾಷ್ಟ್ರು ಇರುವ ಯಾವ ಶಾಲೆಯಲ್ಲಿಯೂ ಇವು ದೊರೆಯುತ್ತವೆ. ಇವಕ್ಕೆ ಕ್ರಿಸ್ತನ ಹೆಸರು ಬೇಕಿಲ್ಲ. ಕ್ರೈಸ್ತ ಶಾಲೆಯೆಂಬ ಕಾರಣಕ್ಕಾಗಿಯೇ, ಅದೂ ನಾಲ್ಕನೆಯ ತರಗತಿಯಲ್ಲಿಯೇ, ದೊರೆಯುವುದೇನಾದರೂ ಉಂಟೋ ಎಂಬುದು ವಿಚಾರಿಸತಕ್ಕ ಸಂಗತಿ.

ಕೇರಳದ ಶಾಲಾಕ್ರಮದಲ್ಲಿ ನಾಲ್ಕನೆಯದು ಕಿರಿಯ ಪ್ರಾಥಮಿಕದ ಕೊನೆಯ ಮೆಟ್ಟಲು. ಮಗುವಿಗೆ ಆಗ ಒಂಬತ್ತು ವರುಷ. ಈ ವಯಸ್ಸಿನಲ್ಲಿ ನಡೆಯುವ ಒಂದು ಬದಲಾವಣೆಯನ್ನು ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ ಎಂಬ ವಿದ್ವಾಂಸನು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾನೆ. ಆತನು ಮಕ್ಕಳಿಗೆ ಎರಡು ಕಥೆಗಳನ್ನು ಹೇಳುತ್ತಿದ್ದನು. ಒಬ್ಬ ಹುಡುಗನು ಊಟಕ್ಕೆಂದು ಬಾಗಿಲು ತೆರೆದಾಗ, ಹಿಂದೆ ಇರಿಸಿದ್ದು ಅವನಿಗೆ ತಿಳಿಯದ ಹದಿನೈದು ಬಟ್ಟಲುಗಳು ಬಿದ್ದು ಒಡೆದವು. ಇನ್ನೊಬ್ಬನು ತಾಯಿ ಇಲ್ಲದ ಹೊತ್ತಿನಲ್ಲಿ ಕಪಾಟಿನ ಸಿಹಿಯನ್ನು ಕದಿಯಹೋಗಿ ಒಂದು ಬಟ್ಟಲನ್ನು ಒಡೆದನು. ಯಾರದು ಹೆಚ್ಚಿನ ತಪ್ಪು? ಚಿಕ್ಕ ಮಕ್ಕಳಲ್ಲಿ ಅನೇಕರು ಹದಿನೈದು ಒಡೆದವನದೆಂದರು. ಒಂಬತ್ತರ ಆಸುಪಾಸಿನವರಾದರೋ ಬಟ್ಟಲುಗಳನ್ನು ಎಣಿಸುವುದನ್ನು ಬಿಟ್ಟು ಮನಸ್ಸನ್ನು ನೋಡತೊಡಗಿದ್ದರು. ನಾಲ್ಕನೆಯ ತರಗತಿಗೆ ಪಾಠ ಹೇಳಿದವರಿಗೆ ಇದು ಅನುಭವದ ಮಾತು. ಆ ಮಕ್ಕಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ವಾಕ್ಯ “ಅದು ನ್ಯಾಯ ಅಲ್ಲ” ಎಂಬುದು. ಶಾಯಿ ಚೆಲ್ಲಿದ್ದು ಬೇಕೆಂದೋ ಕೈತಪ್ಪಿಯೋ ಎಂಬುದಕ್ಕೆ ಅವರು ನ್ಯಾಯಸಭೆಯನ್ನೇ ಕೂಡಿಸಿಬಿಡುತ್ತಾರೆ.

ನನ್ನ ನಾಲ್ಕನೆಯ ತರಗತಿಯಲ್ಲಿ ಬೆಳಗ್ಗೆ ಮೊದಲ ಪಾಠ ಗಣಿತ. ಎಂಟು ಗಂಟೆ ದುಡಿದವನ ಕೂಲಿ ಎರಡು ರೂಪಾಯಿಯಾದರೆ ಒಂದು ಗಂಟೆ ದುಡಿದವನಿಗೆ ಎಷ್ಟು? ಇಪ್ಪತ್ತೈದು ಪೈಸೆ. ಇಂಥ ಲೆಕ್ಕಗಳನ್ನು ನಾವು ಬಹು ಉತ್ಸಾಹದಿಂದ ಮಾಡುತ್ತಿದ್ದೆವು. ವಾರಕ್ಕೊಮ್ಮೆ ಕೊನೆಯ ಅವಧಿಯಲ್ಲಿ ನಮ್ಮ ಟೀಚರು ಬೈಬಲಿನ ಒಂದು ಕಥೆಯನ್ನು ಹೇಳುತ್ತಿದ್ದರು. ಆ ದಿನ ಮತ್ತಾಯನ ಸುವಾರ್ತೆಯಲ್ಲಿರುವ ಕೂಲಿಯವರ ಸಾಮ್ಯವು ಬಂದಿತು. ನಾವಾರೂ ದ್ರಾಕ್ಷೆಯ ತೋಟವನ್ನು ಕಂಡವರಲ್ಲವಾದ್ದರಿಂದ ಅವರು ಅದನ್ನು ಅಡಕೆಯ ತೋಟವನ್ನಾಗಿ ಮಾಡಿದರು. ಯಜಮಾನನು ಬೆಳಗ್ಗೆ ಕೆಲವರನ್ನು ಕರೆದನು, ಮಧ್ಯಾಹ್ನ ಕೆಲವರನ್ನು, ಹೊತ್ತು ಮುಳುಗಲು ಒಂದು ಗಂಟೆಯಿರುವಾಗ ಇನ್ನು ಕೆಲವರನ್ನು. ಸಂಜೆ ಎಲ್ಲರಿಗೂ ಒಂದೇ ಕೂಲಿ ಕೊಟ್ಟನು.

ತರಗತಿಯಲ್ಲಿ ಗಲಭೆಯೇ ಆಯಿತು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನಾನೇ. ಬೆಳಗ್ಗೆ ಕಲಿಸಿದ ಲೆಕ್ಕ ಸಂಜೆಗೆ ಸುಳ್ಳಾಗುವುದು ಹೇಗೆ? ಕೊನೆಯವರಿಗೆ ಇಪ್ಪತ್ತೈದು ಪೈಸೆ. ಅದಕ್ಕಿಂತ ಒಂದು ಪೈಸೆ ಹೆಚ್ಚಲ್ಲ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತನು. ಅವನ ತಂದೆ ಕೂಲಿಯವನು. ನಮ್ಮ ತೋಟಕ್ಕೂ ಬರುತ್ತಿದ್ದವನು. “ಅವರು ಸೋಮಾರಿಗಳಲ್ಲ ಟೀಚರೇ, ಅವರನ್ನು ಯಾರೂ ಕರೆಯಲಿಲ್ಲ. ಕರೆಯದಿದ್ದ ದಿನವೂ ಮನೆಯಲ್ಲಿ ಗಂಜಿ ಬೇಯಬೇಕಲ್ಲ?” ಎಂದನು. ಟೀಚರು ಅವನನ್ನು ಹೊಗಳಲೂ ಇಲ್ಲ, ನನ್ನನ್ನು ತಿದ್ದಲೂ ಇಲ್ಲ. ಬೆಳಗ್ಗಿನ ಲೆಕ್ಕವೂ ಸರಿಯೆಂದೂ ಈ ಕಥೆಯೂ ಸರಿಯೆಂದೂ ಹೇಳಿ ಗಂಟೆ ಹೊಡೆದಾಗ ಹೊರಟುಹೋದರು. ನನಗೆ ಬಹಳ ಸಿಟ್ಟು ಬಂದಿತ್ತು.

ಮನೆಗೆ ಬಂದು ಅಜ್ಜಿಯೊಡನೆ ದೂರಿಕೊಂಡೆನು. ಅಜ್ಜಿ ನಕ್ಕರು. “ದೇವಸ್ಥಾನದ ಸಂತರ್ಪಣೆಗೆ ಕಟ್ಟಕಡೆಗೆ ಬಂದು ಕುಳಿತವನಿಗೂ ಪಾಯಸವನ್ನು ಅಷ್ಟೇ ಬಡಿಸುವುದಲ್ಲವೋ ಮಗಾ? ಇದನ್ನು ಕಲಿಯಲಿಕ್ಕೆ ಆ ಶಾಲೆಗೇ ಹೋಗಬೇಕಿತ್ತೋ?” ಎಂದರು. ನನಗೆ ಸಮಾಧಾನವಾಯಿತು. ನಮ್ಮಲ್ಲಿಯೂ ಉಂಟು ಎಂಬ ಹೆಮ್ಮೆಯಿಂದಲೇ ಮಲಗಿದೆನು. ಆ ಪಂಕ್ತಿಯಲ್ಲಿ ಹಿಂದಿನ ಬೆಂಚಿನ ಹುಡುಗನಿಗೆ ಎಲೆ ಹಾಕುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಕೆಲವು ತಿಂಗಳುಗಳ ಮೇಲೆ, ನಮ್ಮ ಮನೆಯದೇ ಒಂದು ಸಮಾರಂಭದಲ್ಲಿ, ಅವನೂ ಅವನ ತಂದೆಯೂ ಅಂಗಳದಾಚೆ ಎಲ್ಲರ ಊಟವಾಗುವವರೆಗೆ ಕಾದು ಕುಳಿತದ್ದನ್ನು ಕಂಡಾಗ. ಶಾಲೆಯಲ್ಲಿ ನಾವು ಒಂದೇ ಮಡಕೆಯ ನೀರು ಕುಡಿಯುತ್ತಿದ್ದೆವು. ಅವನು ನನ್ನನ್ನು ನೋಡಿದನು. ನಾನು ಒಳಗೆ ಹೋದೆನು.

ಕ್ರೈಸ್ತಸಮಾಜದಲ್ಲಿ ಜಾತಿಯ ನೆರಳು ಬಿದ್ದಿಲ್ಲವೆಂದು ನಾನು ಹೇಳುವುದಿಲ್ಲ, ಬಿದ್ದಿದೆ. ಅಜ್ಜಿಯ ಮಾತು ಸುಳ್ಳೆಂದೂ ಹೇಳುವುದಿಲ್ಲ. ಆದರೆ ಪರರ ಮನೆಯ ಕಥೆಯನ್ನು ಕೇಳಿರದಿದ್ದರೆ ನನ್ನ ಮನೆಯ ಅಂಗಳ ನನಗೆ ಕಾಣುತ್ತಿತ್ತೋ ಇಲ್ಲವೋ! ತನ್ನವರ ನಂಬಿಕೆಯು ಮಗುವಿಗೆ ಗಾಳಿಯಂತೆ, ಉಸಿರಾಡುತ್ತಾನೆ, ಕಾಣುವುದಿಲ್ಲ. ಬೇರೊಂದು ನಂಬಿಕೆಯನ್ನು ನಿಜವಾಗಿ ನಂಬಿ ಬಾಳುವವರ ನಡುವೆ ಒಂದು ವರುಷ ಕಳೆದಾಗ ಅದು ಕಾಣಿಸತೊಡಗುತ್ತದೆ, ಅದರ ಧೂಳೂ ಕಾಣಿಸುತ್ತದೆ. ಎಲ್ಲ ಮತಗಳ ಸಾರವೂ ಒಂದೇ ಎಂದು ಬಾಯಿಪಾಠ ಮಾಡಿಸುವ ನೀತಿಪಾಠದಿಂದ ಇದು ಆಗದು. ನಾನೇ ಅದನ್ನು ಮೂವತ್ತು ವರುಷ ಮಾಡಿಸಿದ್ದೇನೆ.

ಇನ್ನು ನೆರೆಯವರ ಎರಡನೆಯ ಪ್ರಶ್ನೆ. ಅವರ ಅಂಜಿಕೆಯನ್ನು ಹಗುರವಾಗಿ ಕಾಣತಕ್ಕದ್ದಲ್ಲ. 1834ರಲ್ಲಿ ಮಂಗಳೂರಿನಲ್ಲಿ ಇಳಿದ ಬಾಸೆಲ್ ಮಿಷನ್ನಿನವರು ಕನ್ನಡಕ್ಕೆ ನಿಘಂಟು ಬೇಕೆಂದು ಹಡಗು ಹತ್ತಿದವರಲ್ಲ. ನಮ್ಮನ್ನು ಕ್ರಿಸ್ತನ ಕಡೆಗೆ ತಿರುಗಿಸಬೇಕೆಂದು ಬಂದವರು. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಆ ಉದ್ದೇಶದ ದಾರಿಯಲ್ಲಿಯೇ ಶಾಲೆಗಳು ಹುಟ್ಟಿದವು, ಅಚ್ಚುಕೂಟ ಹುಟ್ಟಿತು, 1843ರಲ್ಲಿ ಮೊಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಟಿತು, 1894ರಲ್ಲಿ ಕಿಟ್ಟೆಲರ ನಿಘಂಟು ಬೆಳಕು ಕಂಡಿತು. ನಿಘಂಟನ್ನು ನಾವು ಇಟ್ಟುಕೊಂಡೆವು. ಮತವನ್ನು ಕೆಲವರು ಸ್ವೀಕರಿಸಿದರು, ಹೆಚ್ಚಿನವರು ಸ್ವೀಕರಿಸಲಿಲ್ಲ. ಕೊಟ್ಟವನ ಉದ್ದೇಶ ಅವನದು, ಪಡೆದವನ ಉಪಯೋಗ ಇವನದು ಎಂದು ದೊಡ್ಡವರ ಮಟ್ಟಿಗೆ ಹೇಳಬಹುದು. ಒಂಬತ್ತು ವರುಷದವನ ಮಟ್ಟಿಗೆ ಹಾಗೆ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಅವನು ನಿಘಂಟನ್ನು ಆರಿಸಿಕೊಂಡು ಉಳಿದುದನ್ನು ಬಿಡಲು ಶಕ್ತನಲ್ಲ. ಪ್ರೀತಿಯ ಟೀಚರು ಕಣ್ಣು ಮುಚ್ಚಿ ಕೈ ಜೋಡಿಸಿದರೆ ಅವನೂ ಹಾಗೆಯೇ ಮಾಡುವನು. ಅದು ಭಕ್ತಿಯೋ ಅನುಕರಣವೋ ಅವನಿಗೇ ತಿಳಿಯದು. ಪ್ರೀತಿಯೇ ಇಲ್ಲಿ ಬಲಾತ್ಕಾರಕ್ಕಿಂತ ಬಲವಾದದ್ದು.

ನಮ್ಮ ಸಂವಿಧಾನವು ಇದನ್ನು ಯೋಚಿಸದೆ ಬಿಟ್ಟಿಲ್ಲ. ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ನಡೆಸುವ ಹಕ್ಕು 30ನೆಯ ವಿಧಿಯಲ್ಲಿದೆ. ಸರಕಾರದ ಮನ್ನಣೆ ಅಥವಾ ಧನಸಹಾಯವುಳ್ಳ ಶಾಲೆಯಲ್ಲಿ ಯಾರನ್ನೂ ಸಮ್ಮತಿಯಿಲ್ಲದೆ ಮತಬೋಧೆಗಾಗಲಿ ಆರಾಧನೆಗಾಗಲಿ ಕೂಡಿಸಕೂಡದೆಂಬುದು 28ನೆಯ ವಿಧಿಯಲ್ಲಿದೆ. ಮಕ್ಕಳ ವಿಷಯದಲ್ಲಿ ಪೋಷಕರ ಸಮ್ಮತಿ ಬೇಕು. ಕಾನೂನು ಕೇಳುವುದು ತಂದೆಯನ್ನು. ಮಗುವನ್ನು ಕೇಳುವವರು ಯಾರು? 1985ರಲ್ಲಿ ಕೇರಳದಲ್ಲಿ ಯೆಹೋವನ ಸಾಕ್ಷಿಗಳೆಂಬ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದುನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಲ್ಪಟ್ಟರು. ಮರುವರುಷ ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತಿತು. ಅವರಲ್ಲಿ ಎಲ್ಲರಿಗಿಂತ ಕಿರಿಯ ಮಗು ಐದನೆಯ ತರಗತಿಯದು. ನಾಲ್ಕನೆಯದನ್ನು ಆಗತಾನೆ ದಾಟಿದ್ದುದು. ಸುಮ್ಮನೆ ನಿಲ್ಲುವುದಕ್ಕೂ ಆ ವಯಸ್ಸಿನಲ್ಲಿ ಎಷ್ಟು ಧೈರ್ಯ ಬೇಕೆಂಬುದನ್ನು ನಾವು, ಮೇಜಿನ ಈಚೆ ಕುಳಿತವರು, ಮರೆತುಬಿಡುತ್ತೇವೆ. ನಮ್ಮ ಶಾಲೆಗಳಲ್ಲಿ ಶಾರದಾಪೂಜೆಯ ದಿನ ಬಾಗಿಲ ಬಳಿ ನಿಂತಿರುತ್ತಿದ್ದ ಕ್ರೈಸ್ತ ಹುಡುಗಿಯನ್ನು ನಾನು ಒಮ್ಮೆಯೂ ವಿಚಾರಿಸಿದವನಲ್ಲ. ಪ್ರಸಾದವನ್ನು ಅವಳ ಕೈಯಲ್ಲಿ ಹಾಕಿ ಮುಂದೆ ಹೋಗುತ್ತಿದ್ದೆ.

ನೆರೆಯವರಿಗೆ ಎರಡು ದಿನಗಳ ಮೇಲೆ ನಾನು ಹೇಳಿದ್ದು ಇಷ್ಟೇ. ಕಳುಹಿಸಿರಿ. ಆ ಶಾಲೆಯವರು ತಮ್ಮ ನಂಬಿಕೆಯನ್ನು ಅಡಗಿಸಿಟ್ಟುಕೊಳ್ಳುತ್ತಿದ್ದರೆ ಕಳುಹಿಸಬೇಕೆಂದಿರಲಿಲ್ಲ, ಅಡಗಿಸಿಟ್ಟದ್ದೇ ಹೆಚ್ಚು ಅಪಾಯ. ಆದರೆ ಸೇರಿಸುವ ದಿನ ಹೆಡ್‌ಮಾಷ್ಟ್ರನ್ನು ಒಂದು ಮಾತು ಕೇಳಿರಿ: ಪ್ರಾರ್ಥನೆಯ ಹೊತ್ತಿಗೆ ಸುಮ್ಮನೆ ನಿಂತ ಹುಡುಗನನ್ನು ಇಲ್ಲಿ ಯಾವ ರೀತಿ ನೋಡುತ್ತೀರಿ? ಉತ್ತರಕ್ಕಿಂತ ಅವರ ಮುಖವನ್ನು ಗಮನಿಸಿರಿ. ಹುಡುಗನು ಸಂಜೆ ಹೊತ್ತುತರುವ ಕಥೆಗಳನ್ನು ನಗೆಯಾಡಿ ಅಟ್ಟಬೇಡಿರೆಂದು ಮಾವನಿಗೆ ತಿಳಿಸಿರಿ.

ಹುಡುಗನು ಜೂನಿನಲ್ಲಿ ಹೋಗಿ ಸೇರಿದನು. ಓಣಂ ರಜೆಗೆ ಬಂದವನು ನಮ್ಮ ಜಗಲಿಯ ಮೇಲೆ ಬಹಳ ಹೊತ್ತು ಕಾಲಾಡಿಸುತ್ತ ಕುಳಿತಿದ್ದು, “ಮಾಷ್ಟ್ರಜ್ಜಾ, ಪ್ರಾರ್ಥನೆ ಮಾಡುವಾಗ ನಾನು ಒಂದು ಕಣ್ಣು ತೆರೆದಿರುತ್ತೇನೆ. ಟೀಚರಿಗೆ ಹೇಳಬೇಕೋ?” ಎಂದು ಕೇಳಿದನು. ತೆರೆದ ಕಣ್ಣಿಗೆ ಏನು ಕಾಣುತ್ತದೆಂದು ನಾನು ಕೇಳಿದೆನು.

“ಟೀಚರೂ ಒಂದೊಂದು ಸಲ ತೆರೆಯುತ್ತಾರೆ” ಎಂದನು.