ಪ್ರಿಆಂಪ್ ಇಲ್ಲದ ದನಿ: ಹುಟ್ಟಿದ್ದೋ, ತೋರಿದ್ದೋ

ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಸಾಧನ ಡ್ಯಾಕ್. ಅದನ್ನು, ಸಂಕೇತವನ್ನು ಎತ್ತಿ ವಾಲ್ಯೂಮ್ ನಿಯಂತ್ರಿಸುವ ನಡುವಿನ ಸಾಧನವಾದ ಪ್ರಿಆಂಪ್‌ನ ಹಂಗಿಲ್ಲದೆ ನೇರವಾಗಿ ಪವರ್ ಆಂಪ್ಲಿಫೈಯರ್‌ಗೆ ಜೋಡಿಸಿ, ವಾಲ್ಯೂಮ್ ನಿಯಂತ್ರಣವನ್ನೂ ಡ್ಯಾಕ್‌ಗೇ ವಹಿಸುವ ಪದ್ಧತಿ ಮನೆಯ ಆಡಿಯೊದಲ್ಲಿ ಈಗ ಸಾಮಾನ್ಯ. ನಡುವಿನ ಸಾಧನ ಕಡಿಮೆಯಾದಷ್ಟೂ ಮೂಲ ದನಿ ಹತ್ತಿರವಾಗುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ತಾಂತ್ರಿಕ ಸಲಹೆಯಂತೆ ಕಾಣುವ ಈ ಮಾತು ನಿಜಕ್ಕೂ ಜ್ಞಾನಮೀಮಾಂಸೆಗೆ ಸೇರಿದ್ದು: ಸಾಧನ ದನಿಯನ್ನು ಹುಟ್ಟಿಸುತ್ತದೋ, ಮೊದಲೇ ಇರುವುದನ್ನು ತೋರಿಸುತ್ತದೋ?

ಶಬ್ದದ ಬಗ್ಗೆ ಭಾರತೀಯ ದರ್ಶನಗಳಲ್ಲಿ ಇದೇ ಬಗೆಯ ಜಗಳ ನಡೆದಿದೆ. ಮೀಮಾಂಸಕರ ಪಾಲಿಗೆ ಶಬ್ದ ನಿತ್ಯ. ಉಚ್ಚಾರಣೆ ಅದನ್ನು ಹುಟ್ಟಿಸುವುದಿಲ್ಲ, ವ್ಯಕ್ತಪಡಿಸುತ್ತದೆ ಅಷ್ಟೆ. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಶಬ್ದ ಆಕಾಶದ ಗುಣ, ಹುಟ್ಟಿ ಅಳಿಯುವಂಥದ್ದು. ಭೇರಿಗೆ ಕೋಲು ಬಿದ್ದಾಗ ಹುಟ್ಟಿದ ಶಬ್ದ ಇನ್ನೊಂದನ್ನು ಹುಟ್ಟಿಸಿ ಅಳಿಯುತ್ತದೆ, ಅದು ಮತ್ತೊಂದನ್ನು. ವೀಚೀತರಂಗ ನ್ಯಾಯವೆಂದರೆ ಇದೇ. ಕಿವಿಗೆ ದಕ್ಕುವುದು ಸರಣಿಯ ಕೊನೆಯ ಶಬ್ದ. ಭೇರಿಯ ಬಳಿ ಹುಟ್ಟಿದ ಮೊದಲನೆಯದನ್ನು ದೂರದಲ್ಲಿ ಕುಳಿತವರು ಯಾರೂ ಕೇಳಿಲ್ಲ. ಮೀಮಾಂಸಕರ ನಿತ್ಯತ್ವವಾದರೂ ವರ್ಣಗಳಿಗೆ ಮೀಸಲು, ಭೇರಿಯ ಸದ್ದಿಗಲ್ಲ. ಹಾಗಾಗಿ ಶುದ್ಧತೆಯ ಪಕ್ಷಪಾತಿಗೆ ಅಲ್ಲಿಯೂ ಆಸರೆ ಇಲ್ಲ. ಮೈಕ್ರೊಫೋನ್, ಮಿಶ್ರಣದ ಮೇಜು, ಸಂಪಾದನೆ ಎಲ್ಲವನ್ನೂ ದಾಟಿ ಬಂದ ಸರಣಿಯಲ್ಲಿ ಕೊನೆಯ ಒಂದು ಪೆಟ್ಟಿಗೆಯನ್ನು ತೆಗೆದು, ಉಳಿದದ್ದನ್ನು ಮೂಲವೆನ್ನುವುದು ವಿಚಿತ್ರ.

ಆದರೂ ಡ್ಯಾಕ್ ಮಟ್ಟಿಗೆ ವ್ಯಕ್ತಪಡಿಸುವಿಕೆಯ ವಾದಕ್ಕೆ ಬಲವಿದೆ. ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಪ್ರಮೇಯದಂತೆ, ಮಾದರಿ ಎತ್ತುವ ವೇಗದ ಅರ್ಧಕ್ಕಿಂತ ಕೆಳಗಿನ ಆವರ್ತನಗಳಷ್ಟೇ ಇರುವ ಅಲೆಯನ್ನು ಮಾದರಿಯ ಬಿಂದುಗಳು ಪೂರ್ತಿಯಾಗಿ ನಿರ್ಧರಿಸುತ್ತವೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿಗಳು. ಬಿಂದುಗಳ ನಡುವೆ ಏನೋ ಕಳೆದುಹೋಗಿದೆ ಎಂಬ ಜನಪ್ರಿಯ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ.

ವಾಲ್ಯೂಮ್‌ನ ವಿಷಯ ಬೇರೆ. ಗ್ರಾಮಫೋನ್ ತಟ್ಟೆಯ ಮುಳ್ಳು ಕೊಡುತ್ತಿದ್ದುದು ಕೆಲವೇ ಮಿಲಿವೋಲ್ಟ್. ಅದನ್ನು ಎತ್ತಲು ಪ್ರಿಆಂಪ್ ಅನಿವಾರ್ಯವಾಗಿತ್ತು. ಡ್ಯಾಕ್ ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತದೆ, ಅನೇಕ ಪವರ್ ಆಂಪ್‌ಗಳಿಗೆ ಅದು ಸಾಕು, ಕೆಲವೊಮ್ಮೆ ಅತಿಯೂ ಹೌದು. ಈಗ ಬೇಕಿರುವುದು ತಗ್ಗಿಸುವ ಕೆಲಸ. ಅದನ್ನು ಅಂಕಿಗಳಲ್ಲೇ ಮಾಡಿದರೆ ಪ್ರತಿ 6 ಡೆಸಿಬೆಲ್‌ಗೆ ಸುಮಾರು ಒಂದು ಬಿಟ್ ವ್ಯಯ. 24 ಬಿಟ್‌ನ ಗಣಿತಕ್ಕೆ ಇದು ದೊಡ್ಡ ನಷ್ಟವಲ್ಲ. ತೊಡಕಿರುವುದು ಡ್ಯಾಕ್‌ನ ಅನಲಾಗ್ ಭಾಗದ ಗೊರಗೊರದಲ್ಲಿ, ಏಕೆಂದರೆ ಸಂಗೀತ ತಗ್ಗಿದರೂ ಅದು ತಗ್ಗುವುದಿಲ್ಲ. ಸಂಗೀತಕ್ಕೂ ಗೊರಗೊರಕ್ಕೂ 120 ಡೆಸಿಬೆಲ್ ಅಂತರವಿರುವ ಡ್ಯಾಕ್‌ನಲ್ಲಿ 40 ಡೆಸಿಬೆಲ್ ಇಳಿಸಿದರೆ ಅಂತರ 80ಕ್ಕೆ ಕುಸಿಯುತ್ತದೆ. ಡ್ಯಾಕ್ ಆಚೆಗಿನ ಅನಲಾಗ್ ಗುಂಡಿ ತಿರುಗಿಸಿದ್ದರೆ ಆ ಗೊರಗೊರವೂ ಜೊತೆಗೇ ಇಳಿಯುತ್ತಿತ್ತು, ಆದರೆ ಪ್ರಿಆಂಪ್ ತನ್ನದೊಂದನ್ನು ಸೇರಿಸುತ್ತಿತ್ತು.

ಅದೇ ಲೆಕ್ಕವನ್ನು ಮುಂದುವರಿಸಿದರೆ, 2 ವೋಲ್ಟ್‌ಗಿಂತ 120 ಡೆಸಿಬೆಲ್ ಕೆಳಗಿರುವ ಗೊರಗೊರವೆಂದರೆ 2 ಮೈಕ್ರೊವೋಲ್ಟ್. ಇಪ್ಪತ್ತು ಪಟ್ಟು ಹಿಗ್ಗಿಸುವ ಆಂಪ್‌ನಿಂದ ಅದು 40 ಆದರೂ ಸಾಮಾನ್ಯ ಸ್ಪೀಕರ್‌ನಲ್ಲಿ ಕೇಳಿಸದು. ಹಾಗಾಗಿ ಪ್ರಿಆಂಪ್ ಬಿಟ್ಟವರ ನಿರ್ಧಾರ ಬಹುಪಾಲು ಸರಿ, ಕೊಡುವ ಕಾರಣ ಮಾತ್ರ ತಪ್ಪು. ಮಧ್ಯವರ್ತಿ ಹೋಗಿಲ್ಲ, ಅದರ ಕೆಲಸ ಡ್ಯಾಕ್‌ನೊಳಗಿನ ಒಂದು ಗುಣಾಕಾರವಾಗಿದೆ. ಸೂಕ್ಷ್ಮವಾದ ಹಾರ್ನ್ ಸ್ಪೀಕರ್‌ಗಳೂ ಹೆಚ್ಚು ಹಿಗ್ಗಿಸುವ ಆಂಪ್‌ಗಳೂ ಇರುವಲ್ಲಿ ಡ್ಯಾಕ್ ಮತ್ತು ಆಂಪ್ ನಡುವೆ 10 ಅಥವಾ 20 ಡೆಸಿಬೆಲ್ ತಗ್ಗಿಸುವ ರೋಧಕ ಜೋಡಣೆ ಒಳ್ಳೆಯದು. ತಂತ್ರಾಂಶ ಎಡವಿ ಪೂರ್ತಿ ಸಂಕೇತ ಹೊರಬಿದ್ದ ದಿನ ಟ್ವೀಟರ್ ಉಳಿಯುವ ಸಾಧ್ಯತೆಯನ್ನೂ ಅದು ಹೆಚ್ಚಿಸುತ್ತದೆ.