ಸತ್ತ ಮನೆಯ ಬಾಗಿಲಲ್ಲಿ ಕೂಗಬಹುದಾ?

ನಮ್ಮ ಕೊಪ್ಪಳದ ಕಡೆ ಯಾರಾದರೂ ತೀರಿಕೊಂಡರೆ ಜನ ಮಣ್ಣಿಗೆ ಹೋಗ್ತಾರೆ. ಅವತ್ತು ಹೋಗಲಿಕ್ಕೆ ಆಗದವರು ಆಮೇಲೆ ಒಂದು ದಿನ ಮನೆಗೆ ಹೋಗಿ 'ಮಾತಾಡಿಸಿಕೊಂಡು' ಬರ್ತಾರೆ. ಅಂದರೆ ಸಾವಿನ ಮನೆಗೆ ಹೋಗೋದೇ ಮಾತಾಡೋದಕ್ಕೆ. ಆದರೆ ಆ ಮಾತಿಗೆ ಎಷ್ಟು ಕಟ್ಟಳೆ ನೋಡಿ. ಹೊರಡುವಾಗ 'ಹೋಗಿ ಬರ್ತೀನಿ' ಅನ್ನಬಾರದು. ಸತ್ತವನು ನಿಮ್ಮ ಸಾಲ ತೀರಿಸದೆ ಹೋಗಿದ್ದರೂ ಅವತ್ತು ಆ ಲೆಕ್ಕ ತೆಗೆಯಬಾರದು. ಇದನ್ನು ಯಾವ ಪೊಲೀಸರೂ ಕಾಯೋದಿಲ್ಲ, ಎಲ್ಲೂ ಬರೆದಿಟ್ಟಿಲ್ಲ. ಆದರೂ ಊರಿನ ಅತಿ ಜಗಳಗಂಟನೂ ಪಾಲಿಸ್ತಾನೆ.

ಯಾರಾದರೂ ಬೇಕಂತಲೇ ಈ ಕಟ್ಟಳೆ ಮುರಿದರೆ? ಹೆಣ ಇನ್ನೂ ಮನೆಯಲ್ಲಿರುವಾಗಲೇ 'ಸತ್ತಿದ್ದು ಒಳ್ಳೇದಾಯ್ತು' ಅಂತ ಕೂಗಿದರೆ? ಅದು ಅವನ ವಾಕ್ ಸ್ವಾತಂತ್ರ್ಯವಾ, ಅಥವಾ ಅಳುತ್ತಿರುವವರ ಖಾಸಗಿತನದ ಮೇಲೆ ಮಾಡಿದ ದಾಳಿಯಾ?

ಇದು ಕಾಲ್ಪನಿಕ ಪ್ರಶ್ನೆ ಅಲ್ಲ. 2014ರ ಆಗಸ್ಟ್ 22ರಂದು ಯು.ಆರ್. ಅನಂತಮೂರ್ತಿ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಸುದ್ದಿ ಬರುತ್ತಿದ್ದಂತೆ ಮಂಗಳೂರು, ಚಿಕ್ಕಮಗಳೂರಿನಲ್ಲಿ ಕೆಲವರು ಪಟಾಕಿ ಹೊಡೆದು ಸಂಭ್ರಮಿಸಿದರು. ಮೋದಿ ಪ್ರಧಾನಿಯಾದರೆ ಆ ದೇಶದಲ್ಲಿ ಇರೋದಿಲ್ಲ ಅಂತ ಹಿಂದಿನ ವರ್ಷ ಅನಂತಮೂರ್ತಿ ಹೇಳಿದ್ದ ಮಾತಿನ ಮೇಲಿನ ಸಿಟ್ಟು ಅದು. ಆ ಪಟಾಕಿಯನ್ನು ರಾಜ್ಯದ ಬಹಳಷ್ಟು ಜನ ಅಸಹ್ಯ ಅಂದರು. ನನಗೂ ಅದು ಅಸಹ್ಯವೇ. ಆದರೆ ಅಸಹ್ಯ ಅನ್ನೋದು ಬೇರೆ, ಅಪರಾಧ ಅನ್ನೋದು ಬೇರೆ. ಪಟಾಕಿ ಸಿಡಿದದ್ದು ಅಂತ್ಯಸಂಸ್ಕಾರ ನಡೆದ ಬೆಂಗಳೂರಿನ ಕಲಾಗ್ರಾಮದಿಂದ ನೂರಾರು ಕಿಲೋಮೀಟರ್ ದೂರದಲ್ಲಿ. ಹಾಗಾದರೆ ಅದು ಯಾರ ಯಾವ ಹಕ್ಕನ್ನು ಕಿತ್ತುಕೊಂಡಿತು?

ಇದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಕ್ಯಾನ್ಸಸ್‌ನ ವೆಸ್ಟ್‌ಬೊರೊ ಅನ್ನೋ ಸಣ್ಣ ಚರ್ಚಿನವರು ಯುದ್ಧದಲ್ಲಿ ಸತ್ತ ಸೈನಿಕರ ಅಂತ್ಯಸಂಸ್ಕಾರಗಳ ಹತ್ತಿರ ಫಲಕ ಹಿಡಿದು ನಿಲ್ತಿದ್ದರು. ದೇಶ ಸಲಿಂಗಿಗಳನ್ನು ಸಹಿಸಿಕೊಳ್ಳುತ್ತಿದೆ, ಅದಕ್ಕೇ ದೇವರು ಸೈನಿಕರನ್ನು ಕೊಲ್ತಿದ್ದಾನೆ ಅನ್ನೋದು ಅವರ ವಾದ. 2006ರಲ್ಲಿ ಇರಾಕಿನಲ್ಲಿ ಸತ್ತ ಒಬ್ಬ ಯುವಕನ ಅಪ್ಪ ಇವರ ಮೇಲೆ ಕೇಸು ಹಾಕಿದರು. ಕೆಳಗಿನ ಕೋರ್ಟ್ ಪರಿಹಾರವಾಗಿ 50 ಲಕ್ಷ ಡಾಲರ್ ಕೊಡಿ ಅಂದಿತು. ಆದರೆ 2011ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಜನ ಚರ್ಚಿನ ಪರವಾಗಿ ನಿಂತರು. ಅವರು ನಿಂತದ್ದು ಸಾರ್ವಜನಿಕ ಜಾಗದಲ್ಲಿ, ಚರ್ಚಿನಿಂದ ಸುಮಾರು 1000 ಅಡಿ ದೂರ. ಅಪ್ಪನಿಗೆ ಕಂಡದ್ದು ಫಲಕಗಳ ತುದಿ ಮಾತ್ರ, ಅದರಲ್ಲಿ ಏನಿತ್ತು ಅಂತ ಗೊತ್ತಾದದ್ದು ರಾತ್ರಿ ಟಿವಿ ನೋಡಿದಾಗ. ಒಪ್ಪದ ಒಬ್ಬರೇ ಒಬ್ಬರು ನ್ಯಾಯಮೂರ್ತಿ ಅಲಿಟೊ. ಸಾರ್ವಜನಿಕ ಚರ್ಚೆಗೆ ಬೇರೆ ಬೇಕಾದಷ್ಟು ಜಾಗ ಇರುವಾಗ ಒಬ್ಬ ಅಪ್ಪನ ದುಃಖವನ್ನೇ ವೇದಿಕೆ ಮಾಡಿಕೊಳ್ಳಬೇಕಾ ಅನ್ನೋದು ಅವರ ತಕರಾರಿನ ಸಾರ.

ಆ ತೀರ್ಪಿನ ನಂತರ, 2012ರಲ್ಲಿ, ಅಲ್ಲಿನ ಸಂಸತ್ತು ಸೈನಿಕರ ಅಂತ್ಯಸಂಸ್ಕಾರಕ್ಕೆ ಒಂದು ನಿಯಮ ಬಿಗಿ ಮಾಡಿತು: ಎರಡು ಗಂಟೆ ಮೊದಲಿಂದ ಎರಡು ಗಂಟೆ ನಂತರದವರೆಗೆ 300 ಅಡಿಯೊಳಗೆ ಅಡ್ಡಿ ಮಾಡುವ ಪ್ರತಿಭಟನೆ ಇಲ್ಲ. ಏನು ಹೇಳಬೇಕು ಅನ್ನೋದನ್ನು ಕಾನೂನು ಮುಟ್ಟಲಿಲ್ಲ. ಎಲ್ಲಿ, ಯಾವಾಗ ಅನ್ನೋದನ್ನು ಮಾತ್ರ ಮುಟ್ಟಿತು.

ನಮ್ಮಲ್ಲಿ ಇದಕ್ಕಿಂತ ಹಳೆಯ ಕಾನೂನಿದೆ. ಭಾರತೀಯ ದಂಡ ಸಂಹಿತೆಯ 297ನೇ ಸೆಕ್ಷನ್, ಈಗಿನ ಭಾರತೀಯ ನ್ಯಾಯ ಸಂಹಿತೆಯ 301ನೇ ಸೆಕ್ಷನ್. ಇನ್ನೊಬ್ಬರ ಭಾವನೆಗೆ ನೋವು ಮಾಡುವ ಉದ್ದೇಶದಿಂದ ಅಂತ್ಯಕ್ರಿಯೆಗೆ ಸೇರಿದವರಿಗೆ ತೊಂದರೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು. ಬದುಕಿರುವವರ ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಣಕ್ಕೆ ಖಾಸಗಿತನ ಬೇಕಾ ಅಂತ ನೀವು ಕೇಳಬಹುದು. ನಾನು ಇಲ್ಲಿ ಮಾತಾಡ್ತಿರೋದು ಹೆಣದ ಪಕ್ಕ ಕೂತವರ ಬಗ್ಗೆ. ಅವರು ಬದುಕಿದ್ದಾರೆ.

ಇಲ್ಲಿಗೆ ಉತ್ತರ ಸುಲಭ ಅನ್ನಿಸುತ್ತೆ. ಸಾವಿನ ಹತ್ತಿರ ಪ್ರತಿಭಟನೆ ಬೇಡ, ಅಷ್ಟೇ ಅಲ್ವಾ? ಅಲ್ಲ. ಯಾಕಂದ್ರೆ ನಮ್ಮ ನಾಡಿನಲ್ಲಿ ಸಾವೂ ಪ್ರತಿಭಟನೆಯೂ ಜೊತೆಯಾಗಿ ಕಾಣಿಸೋದು ಹೆಚ್ಚಾಗಿ ಬೇರೆ ರೀತಿಯಲ್ಲಿ. ಪೇಪರಿನ ಜಿಲ್ಲಾ ಪುಟ ತೆಗೆದು ನೋಡಿ: 'ಶವವಿಟ್ಟು ಪ್ರತಿಭಟನೆ'. ಹೂಳಲಿಕ್ಕೆ ಜಾಗ ಇಲ್ಲದ ದಲಿತ ಕುಟುಂಬ ಹೆಣವನ್ನು ತಹಶೀಲ್ದಾರ್ ಕಚೇರಿ ಮುಂದೆ ಇಡುತ್ತೆ. ಕೆಲಸದ ಜಾಗದಲ್ಲಿ ಸತ್ತವನ ಹೆಂಡತಿ ಪರಿಹಾರ ಕೇಳಿ ಗೇಟಿನ ಮುಂದೆ ಕೂರ್ತಾಳೆ. ಸ್ಮಶಾನ ಇಲ್ಲದ ಊರುಗಳಿಗೆ ಜಾಗ ಕೊಡಿ ಅಂತ ನಮ್ಮ ಹೈಕೋರ್ಟ್ 2019ರಲ್ಲಿ ಸರ್ಕಾರಕ್ಕೆ ಹೇಳಬೇಕಾಗಿ ಬಂತು. ವರ್ಷಗಟ್ಟಲೆ ಅರ್ಜಿ ಕೊಟ್ಟರೂ ಎದ್ದು ನೋಡದ ಅಧಿಕಾರಿ ಹೆಣ ಬಂದ ದಿನ ಹೊರಗೆ ಬರ್ತಾನೆ. ಇಲ್ಲಿ ಅಂತ್ಯಸಂಸ್ಕಾರಕ್ಕೆ ಯಾರೂ ಅಡ್ಡಿ ಮಾಡ್ತಿಲ್ಲ, ಅಂತ್ಯಸಂಸ್ಕಾರವೇ ಬೇಡಿಕೆ.

ರಾಜಸ್ಥಾನ 2023ರಲ್ಲಿ ಮೃತದೇಹದ ಗೌರವ ಕಾಪಾಡುವ ಹೆಸರಿನಲ್ಲಿ ಒಂದು ಕಾನೂನು ಮಾಡಿತು. ಹೆಣ ಇಟ್ಟುಕೊಂಡು ಪ್ರತಿಭಟಿಸಿದರೆ ಐದು ವರ್ಷದವರೆಗೆ ಜೈಲು. ಸತ್ತವನ ಮನೆಯವರಿಗೂ ಬೇರೆ ಶಿಕ್ಷೆ ಇದೆ. ಹೆಸರು ಚೆನ್ನಾಗಿದೆ. ಆದರೆ ಬದುಕಿದ್ದಾಗ ಸಿಗದ ಗೌರವ ಸತ್ತ ಮೇಲೆ ಒಮ್ಮೆಲೇ ಬಂದು, ಅದೂ ಮನೆಯವರ ಬಾಯಿ ಮುಚ್ಚಿಸೋ ರೂಪದಲ್ಲಿ ಬಂದರೆ, ಅದು ಯಾರಿಗೆ ಕೊಟ್ಟ ಗೌರವ?

ಮೂರನೇ ಥರದ್ದೂ ಒಂದಿದೆ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ ಮಹಿಳೆಯೊಬ್ಬರ ಶವವನ್ನು ಮಂಗಳೂರಿನಲ್ಲಿ ಸುಡಬಾರದು ಅಂತ ಸ್ಥಳೀಯರು ಸ್ಮಶಾನದ ಮುಂದೆ ಜಮಾಯಿಸಿದರು. ಕೊನೆಗೆ ಅಂತ್ಯಸಂಸ್ಕಾರ ಆದದ್ದು ಬಂಟ್ವಾಳ ತಾಲೂಕಿನಲ್ಲಿ. ಅದೇ ತಿಂಗಳು ಚೆನ್ನೈನಲ್ಲಿ ಒಬ್ಬ ವೈದ್ಯರ ಶವ ತಂದ ಆಂಬುಲೆನ್ಸ್ ಮೇಲೆ ಕಲ್ಲು ಬಿದ್ದಾಗ, ಗೌರವದ ಅಂತ್ಯಸಂಸ್ಕಾರವೂ 21ನೇ ವಿಧಿಯೊಳಗೇ ಬರುತ್ತೆ ಅಂತ ಮದ್ರಾಸ್ ಹೈಕೋರ್ಟ್ ಹೇಳಿತು. ಗುಂಪು ಕಟ್ಟಿದವರು ತಾವೂ ಪ್ರತಿಭಟನೆಯ ಹಕ್ಕನ್ನೇ ಬಳಸ್ತಿದ್ದೀವಿ ಅಂದುಕೊಂಡಿರಬಹುದು.

ಪಟಾಕಿ, ಫಲಕ, ತಹಶೀಲ್ದಾರ್ ಕಚೇರಿ, ಸ್ಮಶಾನದ ಗೇಟು. ನಾಲ್ಕೂ ಕಡೆ ಹೆಣ ಇದೆ, ಮಾತೂ ಇದೆ. ಇವನ್ನು ಬೇರೆ ಮಾಡೋದು ಹೇಗೆ? 'ಹೇಳಿದ್ದು ಸರಿಯಾ ತಪ್ಪಾ' ಅಂತ ಕೇಳಿದರೆ ನಮಗೆ ಇಷ್ಟವಾದವರ ಕೂಗು ನ್ಯಾಯ, ಇಷ್ಟವಾಗದವರದ್ದು ಗಲಾಟೆ ಆಗುತ್ತೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಒಂದೇ: ಕಳೆದುಕೊಂಡವರು 'ಸಾಕು' ಅಂದ್ರೆ ಇದು ನಿಲ್ಲುತ್ತಾ?

ಹೆಣ ಇಟ್ಟುಕೊಂಡು ಕೂತ ಹೆಂಡತಿ 'ಸಾಕು, ಮಣ್ಣು ಮಾಡೋಣ' ಅಂದರೆ ಪ್ರತಿಭಟನೆ ಮುಗಿಯುತ್ತೆ, ಮುಗಿಯಬೇಕು. ಅದು ಅವಳ ಮಾತು. ಮುಗಿಯದೆ ಹೋದರೆ, ಮುಖಂಡರು 'ತಡಿಯಮ್ಮಾ, ಸಚಿವರು ಬರಲಿ' ಅಂದರೆ, ಆ ಕ್ಷಣದಿಂದ ಅದು ಅವಳ ಪ್ರತಿಭಟನೆ ಅಲ್ಲ, ಅವಳ ಗಂಡನ ಹೆಣ ಇಟ್ಟುಕೊಂಡು ಬೇರೆಯವರು ನಡೆಸುತ್ತಿರೋ ಕಾರ್ಯಕ್ರಮ. ಸ್ಮಶಾನದ ಗೇಟಿನಲ್ಲಿ ನಿಂತವರು ಮನೆಯವರ ಮಾತು ಕೇಳೋದೇ ಇಲ್ಲ. ಅದು ಅಭಿಪ್ರಾಯವೂ ಅಲ್ಲ, ದಾರಿ ಅಡ್ಡಗಟ್ಟೋದು. ವೆಸ್ಟ್‌ಬೊರೊದವರೂ ಕೇಳೋದಿಲ್ಲ, ಅದಕ್ಕೇ ಅವರಿಗೆ ಅಡಿ, ಗಂಟೆ ಲೆಕ್ಕದ ಗೆರೆ ಬೇಕಾಯ್ತು.

ಈ ಪ್ರಶ್ನೆ ಹೊಗಳುವವರಿಗೂ ಅನ್ವಯಿಸುತ್ತೆ. 2019ರ ಜೂನ್ 10ರಂದು ಗಿರೀಶ ಕಾರ್ನಾಡ ತೀರಿಕೊಂಡಾಗ ಸರ್ಕಾರಿ ಗೌರವ ಬೇಡ, ಸಾರ್ವಜನಿಕ ದರ್ಶನ ಬೇಡ ಅಂತ ಕುಟುಂಬ ಹೇಳಿತು. ದೇಹ ನೇರವಾಗಿ ಕಲ್ಪಳ್ಳಿಯ ವಿದ್ಯುತ್ ಚಿತಾಗಾರಕ್ಕೆ ಹೋಯಿತು. ಹಾರ ಹಾಕಬೇಕು ಅಂದುಕೊಂಡಿದ್ದವರು ಸಾವಿರಾರು ಜನ ಇದ್ದಿರಬಹುದು. ಅವರ ಪ್ರೀತಿಗೂ ಆ ಬಾಗಿಲು ದಾಟುವ ಹಕ್ಕಿರಲಿಲ್ಲ.

ಹಾಗಾದರೆ ಪಟಾಕಿ? ನನ್ನ ಉತ್ತರ ನಿಮಗೆ ಇಷ್ಟವಾಗದೇ ಇರಬಹುದು. ನೂರಾರು ಕಿಲೋಮೀಟರ್ ದೂರದ ಪಟಾಕಿಯನ್ನು ಜೈಲಿಗೆ ಕಳಿಸೋದು ನನಗೆ ಒಪ್ಪಿಗೆ ಇಲ್ಲ. ಇವತ್ತು ಸಾಹಿತಿಯ ಸಾವಿಗೆ ಪಟಾಕಿ ಹೊಡೆದವನ ಮೇಲೆ ಕೇಸು ಹಾಕುವ ಕಾನೂನು, ನಾಳೆ ಒಬ್ಬ ಭ್ರಷ್ಟ ರಾಜಕಾರಣಿ ಸತ್ತ ದಿನ ಅವನ ಹಗರಣದ ಪಟ್ಟಿ ಬರೆದ ಪತ್ರಕರ್ತೆಯ ಮೇಲೂ ಹಾಕುತ್ತೆ. ಸತ್ತ ದಿನ ಹೂವಿನ ಮಾತು ಮಾತ್ರ ಅಂತಾದರೆ, ಅಧಿಕಾರದಲ್ಲಿದ್ದು ಸತ್ತವರ ಇತಿಹಾಸವೆಲ್ಲ ಹೂವಿನಲ್ಲೇ ಮುಚ್ಚಿಹೋಗುತ್ತೆ. ಪಟಾಕಿ ಹೊಡೆದವರನ್ನು ನಾಚಿಸುವ ಕೆಲಸ ಸಮಾಜದ್ದು.

ಇದನ್ನೆಲ್ಲ ಬೆಂಗಳೂರಲ್ಲಿ ಕೂತು ಬರೆಯೋದು ಸುಲಭ. ನಮ್ಮ ಕನಕಗಿರಿ ತಾಲೂಕಿನ ಹುಲಿಹೈದರದಲ್ಲಿ 2022ರ ಆಗಸ್ಟ್‌ನಲ್ಲಿ ಎರಡು ಗುಂಪುಗಳ ನಡುವೆ ಘರ್ಷಣೆ ಆಗಿ ಇಬ್ಬರು ಸತ್ತರು. ಒಂದೇ ಊರಿನಲ್ಲಿ, ಎರಡು ಸಮುದಾಯದಲ್ಲಿ, ಎರಡು ಸತ್ತ ಮನೆ. ಆಡಳಿತ ನಿಷೇಧಾಜ್ಞೆ ಹಾಕಿತು. ಅಂಥ ಊರಲ್ಲಿ ಯಾವ ಮನೆ ಮುಂದೆ ಯಾರು ಘೋಷಣೆ ಕೂಗಿದರೂ ಅದು ಬರೀ ಮಾತಾಗಿ ಉಳಿಯೋದಿಲ್ಲ, ಮತ್ತೊಂದು ಹೆಣ ಬೀಳಬಹುದು. ಹಾಗಾಗಿ ಕೆಲವು ದಿನದ ನಿಷೇಧಾಜ್ಞೆಯನ್ನು ನಾನು ಒಪ್ತೀನಿ. ಆದರೆ ಅದು ಹೊರಗಿನಿಂದ ಬೆಂಕಿ ಹಚ್ಚಲು ಬಂದವನ ಜೊತೆಗೆ, 'ನಮಗೆ ನ್ಯಾಯ ಬೇಕು' ಅನ್ನುವ ತಾಯಿಯ ಬಾಯನ್ನೂ ಮುಚ್ಚಿಸುತ್ತೆ ಅನ್ನೋದು ನೆನಪಿರಲಿ. ಅದಕ್ಕೇ ಅದಕ್ಕೊಂದು ಕೊನೆಯ ದಿನಾಂಕ ಇರಬೇಕು.

ಇನ್ನೊಂದು ವಿಷಯ, ನನ್ನ ನಿಮ್ಮಂಥವರಿಗೆ. ನಾವು ಯಾರೂ ಫಲಕ ಹಿಡಿದು ಸ್ಮಶಾನದ ಮುಂದೆ ನಿಲ್ಲೋದಿಲ್ಲ. ಆದರೆ ಸತ್ತವರನ್ನು ಬೈದು ಹಾಕಿದ ಪೋಸ್ಟಿಗೆ ಅವರ ಮಗಳನ್ನು ಟ್ಯಾಗ್ ಮಾಡ್ತೀವಿ. ಅಳುತ್ತಿರುವ ಮನೆಯವರ ವಿಡಿಯೋ ಫಾರ್ವರ್ಡ್ ಮಾಡ್ತೀವಿ. ನಿಮ್ಮ ಟೈಮ್‌ಲೈನ್‌ನಲ್ಲಿ ನೀವು ಟೀಕೆ ಬರೆಯಿರಿ, ಅವತ್ತೇ ಬರೆಯಿರಿ, ಅದು ಸಮಾಜದ ಜೊತೆ ಆಡಿದ ಮಾತು. ಟ್ಯಾಗ್ ಮಾಡಿದ ಕೂಡಲೇ ಅದು ಆ ಮಗಳ ಜೇಬಿನಲ್ಲಿರುವ ಫೋನಿನಲ್ಲಿ ಸದ್ದು ಮಾಡುತ್ತೆ, ಅವಳು ಅಪ್ಪನ ಪಕ್ಕ ಕೂತಿರುವಾಗ. 1000 ಅಡಿ ಅಂತರ ಒಂದು ಬೆರಳಿನಲ್ಲಿ ಅಳಿಸಿಹೋಯ್ತು. ಅದನ್ನು ತಡೆಯೋ ಕಾನೂನು ಬಂದರೆ ಒಳ್ಳೇದಕ್ಕಿಂತ ಕೆಟ್ಟದ್ದೇ ಹೆಚ್ಚು ಮಾಡುತ್ತೆ ಅನ್ನೋದು ನನ್ನ ಅನುಮಾನ. ಆದ್ದರಿಂದ ಆ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು.

ಸತ್ತವರ ಬಗ್ಗೆ ಏನು ಬೇಕಾದರೂ ಹೇಳುವ ಸ್ವಾತಂತ್ರ್ಯ ಇರಲಿ. ಅದನ್ನು ಕೇಳಿಸಿಕೊಳ್ಳಲೇಬೇಕು ಅಂತ, ಎದ್ದು ಹೋಗಲಾರದೆ ಕೂತವರನ್ನು ಬಲವಂತ ಮಾಡುವ ಹಕ್ಕು ಯಾರಿಗೂ ಬೇಡ.